ಗುಂಡಪ್ಪ ಮಾವನ ನಾಲಿಗೆ

ಹಾಲಿನ ಕೆನೆ ಕಂಡರೆ ನನಗೆ ಭಯ. ಸೇರುವುದಿಲ್ಲ, ಒಗ್ಗುವುದಿಲ್ಲ ಎಂಬುದೆಲ್ಲ ಮರ್ಯಾದಸ್ಥರ ಮಾತು, ನನ್ನದು ಭಯವೇ. ಚಹದ ಮೇಲಿನ ಆ ತೆಳು ಪೊರೆ ಸುಕ್ಕುಗಟ್ಟಿಕೊಂಡು ಮೆಲ್ಲಗೆ ನನ್ನ ತುಟಿಯ ಕಡೆಗೆ ತೇಲಿ ಬರುವುದನ್ನು ನೋಡಿದರೆ ಬೆನ್ನಿನಲ್ಲಿ ಏನೋ ಹರಿದಾಡಿದಂತಾಗುತ್ತದೆ. ಹಾವಿಗೆ, ಚೇಳಿಗೆ, ಗಣಿಯಲ್ಲಿ ಹಾರಿಸುವ ಮದ್ದಿನ ಸದ್ದಿಗೆ ಹೆದರುವವರಿಗೆ ಲೋಕದಲ್ಲಿ ಒಂದು ಗೌರವವಿದೆ. ಕೆನೆಗೆ ಹೆದರುವವಳಿಗೆ ಏನಿದೆ? ಮದುವೆಯಾಗಿ ಶಹಾಬಾದಿಗೆ ಬಂದ ಹೊಸತರಲ್ಲಿ ನನ್ನ ಅತ್ತೆ, ಸೊಸೆ ಬಡಕಲಾಗಿದ್ದಾಳೆಂದು ಮರುಗಿ, ಇದ್ದ ಕೆನೆಯನ್ನೆಲ್ಲ ಬಳಿದು ನನ್ನ ಬಟ್ಟಲಿಗೇ ಹಾಕುತ್ತಿದ್ದರು. ನಾನು ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು ಕುಡಿಯುತ್ತಿದ್ದೆ. ಸೊಸೆ ಭಾರಿ ದೈವಭಕ್ತೆ ಎಂದು ಓಣಿಯಲ್ಲಿ ಹೆಸರಾಯಿತು.

ನಮ್ಮ ಹಿಂದಿನವರು ಭಯಾನಕಕ್ಕೂ ಬೀಭತ್ಸಕ್ಕೂ ಬೇರೆ ಬೇರೆ ಮನೆ ಮಾಡಿಕೊಟ್ಟಿದ್ದಾರೆ. ಕೆನೆಯನ್ನು ಯಾವ ಮನೆಗೆ ಕಳಿಸುತ್ತಿದ್ದರೋ ನಾನರಿಯೆ. ಆದರೆ ಒಂದು ಜಾಣತನ ಮಾಡಿದ್ದಾರೆ: ನಾಲಿಗೆಯ ರುಚಿಗೂ ರಸ ಎಂದರು, ಮನಸ್ಸಿನ ಭಾವಕ್ಕೂ ರಸ ಎಂದರು, ವೈದ್ಯರು ಮದ್ದಿಗೆ ಅರೆಯುವ ಪಾದರಸವನ್ನೂ ಬರಿಯ ರಸ ಎಂದೇ ಕರೆದರು. ರುಚಿ, ಮನಸ್ಸು, ಮದ್ದು ಮೂರಕ್ಕೂ ಒಂದೇ ಮಾತು. ಪದಗಳಿಗೆ ಬರ ಬಂದಿತ್ತೇ ಎಂದು ಕಾಲೇಜಿನಲ್ಲಿ ನಾನು ನಕ್ಕಿದ್ದೆ. ಗುಂಡಪ್ಪ ಮಾವ ನಮ್ಮ ಮನೆಗೆ ಬಂದ ಮೇಲೆ ಆ ನಗು ನಿಂತಿತು.

ಗುಂಡಪ್ಪ ಮಾವ ಎಂದರೆ ನನ್ನ ಅತ್ತೆಯ ತಮ್ಮ, ನನ್ನ ಗಂಡನ ಸೋದರಮಾವ. ಚಿಂಚೋಳಿ ಕಡೆಯ ಐನಾಪುರದಲ್ಲಿ ಅಣ್ಣ ಶರಣಪ್ಪನ ಜೊತೆ ಒಕ್ಕಲುತನ ಮಾಡಿಕೊಂಡಿದ್ದವರು. ಮದುವೆಯಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವರಿಗೆ ಉಣ್ಣುವ ಅನ್ನವೆಲ್ಲ ಕಹಿಯಾಗತೊಡಗಿತಂತೆ. ಮೊದಲು ಪಲ್ಯ ಕಹಿ ಎಂದರು, ಆಮೇಲೆ ರೊಟ್ಟಿ, ಆಮೇಲೆ ಬಾವಿಯ ನೀರು. ಅಣ್ಣ ವಿಷ ಹಾಕುತ್ತಿದ್ದಾನೆ ಎಂದು ಕಿವಿಯಲ್ಲಿ ಯಾರೋ ಹೇಳುತ್ತಿದ್ದರಂತೆ. ಮನೆಯವರು ದೃಷ್ಟಿ ತೆಗೆಸಿದರು, ತಾಯಿತ ಕಟ್ಟಿಸಿದರು. ಒಂದು ಮುಂಜಾನೆ ಗುಂಡಪ್ಪ ಮಾವ ಕಟ್ಟಿಗೆ ಒಡೆಯುವ ಕೊಡಲಿ ಎತ್ತಿ ಅಣ್ಣನ ಮೇಲೆ ಬೀಸಿದರು. ಶರಣಪ್ಪ ಬದುಕಿಕೊಂಡರು, ಆದರೆ ಎಡಗೈ ಮತ್ತೆ ಮೇಲೇಳಲಿಲ್ಲ. ನ್ಯಾಯಾಧೀಶರು, ಆ ಹೊತ್ತಿನಲ್ಲಿ ಈತನ ಬುದ್ಧಿ ಈತನ ಕೈಯಲ್ಲಿರಲಿಲ್ಲವೆಂದು, ಸೆರೆಮನೆಯಲ್ಲಿಡದೆ ದೂರದ ಊರಿನ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ವರ್ಷಗಟ್ಟಲೆ ಇದ್ದು, ಗುಣವಾಗಿದೆ, ಗುಳಿಗೆ ಮಾತ್ರ ತಪ್ಪಿಸಬಾರದು ಎಂದು ಆಸ್ಪತ್ರೆಯವರು ಹೊರಗೆ ಕಳಿಸಿದಾಗ, ಕರೆದುಕೊಂಡು ಹೋಗಲು ಬಂದವರು ಅತ್ತೆಯೊಬ್ಬರೇ.

ಅತ್ತೆ ತಮ್ಮನನ್ನು ಕರೆತರುವ ಧೈರ್ಯವನ್ನೇನೋ ಮಾಡಿದರು. ಆದರೆ ಹೊರಡುವ ಮುಂಚೆ ಮನೆಯ ಕೊಡಲಿ, ಕುಡುಗೋಲು, ಚಾಕು, ಕಡೆಗೆ ಈಳಿಗೆಯನ್ನೂ ಒಂದು ಗೋಣಿಚೀಲದಲ್ಲಿ ಕಟ್ಟಿ ಪಕ್ಕದ ಮನೆಯ ಮಹಬೂಬಬೀ ಖಾಲಾ ಅವರ ಅಟ್ಟಕ್ಕೆ ಸಾಗಿಸಿದರು. ಧೈರ್ಯವೆಂಬುದು ಹೀಗೇ, ಸ್ವಲ್ಪ ಸಾಮಾನು ಆಚೆ ಇಟ್ಟು ಬರುವಂಥದ್ದು. ಅಂದಿನಿಂದ ನಮ್ಮ ಅಡುಗೆ ಬದಲಾಯಿತು. ಕೈಯಲ್ಲಿ ಹರಿಯಬಹುದಾದ ಸೊಪ್ಪುಗಳೆಲ್ಲ ನಮಗೆ ಪ್ರಿಯವಾದವು. ಮುಂಜಾನೆ ಪುಂಡಿಪಲ್ಯ, ಸಂಜೆ ಪುಂಡಿಪಲ್ಯ. ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುತ್ತಿದ್ದೆ. ಬದನೆಕಾಯಿ ತಿನ್ನಲೇಬೇಕೆಂಬ ಆಸೆಯಾದ ದಿನ ಖಾಲಾ ಅವರ ಮನೆಗೆ ಹೋಗಿ ಕೊಯ್ದು ತರುತ್ತಿದ್ದೆ.

ಬಂದವರು ಮಾತ್ರ ಕೊಡಲಿಯ ಮನುಷ್ಯರಂತೆ ಕಾಣಲಿಲ್ಲ. ಸಣಕಲು ಮೈ, ನರೆತ ಗಡ್ಡ, ಚಹದ ಬಟ್ಟಲು ಹಿಡಿದರೆ ನಡುಗುವ ಕೈ. ಗುಳಿಗೆಯ ಗುಣ ಅದು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಪಡಸಾಲೆಯ ಕಲ್ಲುಹಾಸಿನ ಮೇಲೆ ಮಂಚದ ಪಕ್ಕ ಕೂತಿರುತ್ತಿದ್ದರು. ಮನೆಗೆ ಬಂದು ಒಂದು ವಾರವೂ ಆಗಿರಲಿಕ್ಕಿಲ್ಲ, ನಾನು ಉಳ್ಳಾಗಡ್ಡಿ ಗುದ್ದುವುದನ್ನು ನೋಡಿ ಅವರು ಮೆಲ್ಲಗೆ ಹೇಳಿದರು:

"ಯವ್ವಾ, ಪಾಪ, ಆ ಉಳ್ಳಾಗಡ್ಡಿ ಏನ್ ತಪ್ಪು ಮಾಡ್ಯಾದ? ಈಳಿಗಿ ತರಿಸ್ರಿ. ನಿಮಗ ಅಂಜಿಕಿ ಆದ್ರ ನಾ ಹೊರಗ ಕುಂದರ್ತೀನಿ."

ಅಂದೇ ಈಳಿಗೆ ಮನೆಗೆ ಬಂತು. ಕೊಡಲಿ ಬರಲಿಲ್ಲ.

ಅವರು ನನಗಿಂತ ಸೂಕ್ಷ್ಮವಾಗಿ ನೋಡುವವರು. ಅತ್ತೆಗಾಗಲಿ ನನ್ನ ಗಂಡನಿಗಾಗಲಿ ಕಾಣದ್ದು ಅವರಿಗೆ ಕಂಡಿತು. ಒಂದು ದಿನ ಚಹ ತಂದಿಟ್ಟಾಗ, ಯಾರೂ ಏನೂ ಹೇಳದೆ, ನಡುಗುವ ಬೆರಳಿನಿಂದ ನನ್ನ ಬಟ್ಟಲಿನ ಕೆನೆಯನ್ನು ಎತ್ತಿ ತಮ್ಮ ಬಟ್ಟಲಿಗೆ ಹಾಕಿಕೊಂಡರು. ನನಗೆ ಅಳುವೇ ಬಂತು.

"ನಿಮಗ ಹ್ಯಾಂಗ ಗೊತ್ತಾಯ್ತ್ರಿ ಮಾವ?" ಎಂದೆ.

"ಅಂಜೋರ ಮಾರಿ ಅಂಜೋರಿಗಿ ತಿಳೀತದವ್ವಾ" ಎಂದರು.

ಇವರಿಗೆಂಥ ಅಂಜಿಕೆ ಎಂದು ನನಗಾಗ ಅರ್ಥವಾಗಲಿಲ್ಲ. ಇಡೀ ಓಣಿ ಇವರಿಗೆ ಅಂಜುತ್ತಿತ್ತು. ಇವರು ಬಾಗಿಲಿಗೆ ಬಂದರೆ ಎದುರು ಮನೆಯ ಬಾಗಿಲು ತಾನಾಗಿ ಮುಚ್ಚುತ್ತಿತ್ತು. ಮಕ್ಕಳು ನಮ್ಮ ಮನೆಯ ಮುಂದಿನಿಂದ ಹೋಗುವಾಗ ಓಡುತ್ತಿದ್ದವು. ಖಾಲಾ ಮಾತ್ರ ಬರುತ್ತಿದ್ದರು, ಅದೂ ಅಡುಗೆಮನೆಯ ಹಿಂಬಾಗಿಲಿನಿಂದ.

ಅಂಜಿಕೆಯ ಗುಟ್ಟು ಸೀತಾಫಲದ ಕಾಲಕ್ಕೆ ಬಯಲಾಯಿತು. ಖಾಲಾ ಅವರ ಅಳಿಯ ಕುಂಚಾವರಂ ಕಾಡಿನ ಕಡೆಯಿಂದ ಒಂದು ಬುಟ್ಟಿ ಸೀತಾಫಲ ತಂದಿದ್ದ. ನೆರೆಮನೆಗೆ ಕೊಡದೆ ತಿನ್ನುವ ಹೆಂಗಸಲ್ಲ ಅವರು. ಹಿಂಬಾಗಿಲಿನಿಂದಲೇ ಬಂದವರು, ಮಾವ ಹೊರಗೆ ಹೋಗಿದ್ದಾರೆಂದುಕೊಂಡು ಬುಟ್ಟಿಯನ್ನು ಪಡಸಾಲೆಗೇ ತಂದು, ಮಂಚದ ಮರೆಯಲ್ಲಿ ಕೂತಿದ್ದ ಮಾವನನ್ನು ಕಾಣದೆ ಅವರ ಮುಂದೆಯೇ ಇಟ್ಟುಬಿಟ್ಟರು. ಮಾವ ಒಮ್ಮೆ ಬುಟ್ಟಿಯೊಳಗೆ ನೋಡಿದರು. ಮರುಕ್ಷಣ ಮಂಚದ ಮೇಲೆ ಹತ್ತಿ ನಿಂತು, ಧೋತರವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, "ತಗೀರಿ ಅದನ್ನ! ಕಣ್ಣು ನೋಡ್ರಿ ಅದರ ಮೈ ತುಂಬಾ! ಎಲ್ಲಾ ನನ್ನ ಕಡೀಗೇ ನೋಡಲಿಕತ್ತಾವ!" ಎಂದು ಕೂಗಿದರು.

ಕೂಗು ಕೇಳಿ ಅನಾಹುತವೇ ಆಯಿತೆಂದು ಎದುರು ಮನೆಯವರು, ಪಕ್ಕದವರು, ಕಲ್ಲಿನ ಗಾಡಿ ಹೊಡೆಯುವವನು, ಎಲ್ಲರೂ ಓಡಿ ಬಂದರು. ಬಂದವರಿಗೆ ಕಂಡದ್ದು ಹಣ್ಣಿನ ಬುಟ್ಟಿಗೆ ಹೆದರಿ ಮಂಚವೇರಿದ ಒಬ್ಬ ಮುದುಕ, ಗಾಬರಿಯಲ್ಲಿ ಬುಟ್ಟಿಯ ಮೇಲೆ ಸೆರಗು ಮುಚ್ಚಿ ನಿಂತ ಒಬ್ಬ ಮುದುಕಿ. ಖಾಲಾ ಎಲ್ಲರ ಮುಖ ನೋಡಿ, ಮಾವನ ಮುಖ ನೋಡಿ, ಸೊಂಟದ ಮೇಲೆ ಕೈಯಿಟ್ಟರು.

"ಯಾ ಅಲ್ಲಾ! ಈ ಮನಷ್ಯಾಗ ಅಂಜಿ ನಾವು ಬಾಗಲಾ ಹಾಕ್ಕೊಂಡು ಕುಂದರ್ತಿದ್ವೇನ್ರಿ? ಭಾಯಿಸಾಬ್, ಕೆಳಗ ಇಳೀರಿ. ಹಣ್ಣು ನಾ ಒಯ್ತೀನಿ. ನನಗ ಪಾರಿವಾಳ ಕಂಡ್ರ ಹಿಂಗೇ ಆಗ್ತದ."

ಪಾರಿವಾಳ! ಆಗ ಶುರುವಾಯಿತು ನೋಡಿ. ಕಲ್ಲಿನ ಗಾಡಿಯವನು, ದೊಡ್ಡ ಮೀಸೆಯವನು, ತನಗೆ ಒದ್ದೆ ಹತ್ತಿ ಮುಟ್ಟಲಾಗದೆಂದ. ಎದುರು ಮನೆಯಾಕೆಗೆ ಗಡಿಯಾರದ ಮುಳ್ಳು ಅಲುಗುವುದನ್ನು ನೋಡಲಾಗದಂತೆ. ನಾನೂ ಧೈರ್ಯ ಮಾಡಿ ಕೆನೆಯ ವಿಷಯ ಹೇಳಿದೆ. ಅತ್ತೆ ಅಷ್ಟು ವರ್ಷ ಬಳಿದು ಹಾಕಿದ ಕೆನೆಯನ್ನೆಲ್ಲ ನೆನೆದು ತಲೆಯ ಮೇಲೆ ಕೈಯಿಟ್ಟುಕೊಂಡರು. ಒಬ್ಬ ಮನುಷ್ಯನ ಬಗ್ಗೆ ಒಂದು ದೊಡ್ಡ ಭಯ ಹೊತ್ತುಕೊಂಡಿದ್ದ ಓಣಿ, ತನ್ನ ತನ್ನ ಸಣ್ಣ ಭಯಗಳನ್ನು ಹೇಳಿಕೊಂಡು ಹಗುರಾಗಿ ಮನೆಗೆ ಹೋಯಿತು. ಮಾರನೆಯ ದಿನದಿಂದ ಎದುರು ಮನೆಯ ಬಾಗಿಲು ಮುಚ್ಚಲಿಲ್ಲ.

ಈಗ ಗುಳಿಗೆಯ ಮಾತಿಗೆ ಬರಬೇಕು. ಊಟವಾದ ಮೇಲೆ ಗುಳಿಗೆ ಕೊಡುವ ಕೆಲಸ ನನ್ನದು. ನಾನು ಕೈಗೆ ಹಾಕುತ್ತಿದ್ದೆ, ಅವರು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು. ಅವರ ಒಂದೇ ದೂರು ರುಚಿಯದು. "ಬಾಯಿ ಒಣಗಿ ಹೊಲದ ಹೆಂಟಿ ಆಗ್ಯಾದವ್ವಾ. ನೀವು ಹೋಳಿಗಿ ಹಾಕ್ರಿ, ಹುಲ್ಲು ಹಾಕ್ರಿ, ನನಗ ಒಂದೇ" ಎನ್ನುತ್ತಿದ್ದರು. ಅಡುಗೆ ಮಾಡುವವರಿಗೆ ಇದಕ್ಕಿಂತ ನಿರುತ್ಸಾಹದ ಮಾತು ಇನ್ನೊಂದಿಲ್ಲ. ಹಾಗಾಗಿ ಒಂದು ಮಧ್ಯಾಹ್ನ ಅವರು ಇದ್ದಕ್ಕಿದ್ದಂತೆ, "ಯವ್ವಾ, ಪುಂಡಿಪಲ್ಯಾ ಇವತ್ತು ಭಾಳ ಛಂದ ಆಗ್ಯಾದ. ಬಳ್ಳೊಳ್ಳಿ ಒಗ್ಗರಣಿ ಘಮ್ ಅಂತದ" ಎಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಮರುದಿನ ಶೇಂಗಾ ಹಿಂಡಿಯನ್ನು ಹೊಗಳಿದರು. ಅದರ ಮರುದಿನ ರೊಟ್ಟಿ. ಕೈನಡುಕವೂ ಇಳಿದಿತ್ತು. ನನ್ನ ಕೈಗುಣದಿಂದ ರೋಗಿ ಸುಧಾರಿಸುತ್ತಿದ್ದಾರೆಂದು ನಾನು ಗಂಡನ ಹತ್ತಿರ ಜಂಬ ಕೊಚ್ಚಿದೆ. ಹೊಗಳಿಕೆಯನ್ನು ಯಾರು ಪರೀಕ್ಷೆ ಮಾಡಿ ತಗೊಳ್ಳುತ್ತಾರೆ ಹೇಳಿ.

ಹಾಗೇ ಕೆಲವು ದಿನ ಕಳೆದವು. ಆಮೇಲೆ ಮಾವ ಕಡಿಮೆ ಮಾತಾಡತೊಡಗಿದರು. ಒಂದು ಮಧ್ಯಾಹ್ನ ಅತ್ತೆ, ಮಾವ, ನಾನು ಮೂವರೇ ಇದ್ದೆವು. ನನ್ನ ಗಂಡ ಗಣಿಯ ಆಫೀಸಿನಲ್ಲಿದ್ದರು. ಮಾವ ಎರಡು ತುತ್ತು ಉಂಡು ಗಂಗಾಳವನ್ನು ಮುಂದಕ್ಕೆ ಸರಿಸಿದರು.

"ಬ್ಯಾಳಿ ಯಾಕೋ ಕಹಿ ಹತ್ತಲಿಕತ್ತದ."

ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವರು ನನ್ನನ್ನು ನೋಡಿದರು; ಆ ನೋಟ ನನ್ನನ್ನು ದಾಟಿ ಈಳಿಗೆಯ ಕಡೆಗೆ ಹೋಯಿತು. ಮಾವನ ಕಣ್ಣು ಕೂಡ ಅತ್ತೆಯ ಕಣ್ಣಿನ ಹಿಂದೆಯೇ ಹೋಗಿ ಈಳಿಗೆಯ ಮೇಲೆ ನಿಂತಿತು. ಹೊರಗೆ ಓಡಬೇಕೋ, ಕೂಗಬೇಕೋ ನನಗೆ ತಿಳಿಯಲಿಲ್ಲ. ಕಾಲು ಏಳಲಿಲ್ಲ, ಕೈ ಎದ್ದಿತು. ಮಾವನ ಗಂಗಾಳದಿಂದಲೇ ಒಂದು ತುತ್ತು ಬೇಳೆ ಅನ್ನ ಕಲಸಿ ಬಾಯಿಗಿಟ್ಟುಕೊಂಡೆ. ಎಂಜಲೆಂಬುದು ನೆನಪಾಗಲಿಲ್ಲ. ಜಗಿದೆ. ಇನ್ನೊಂದು ತುತ್ತು ತಿಂದೆ.

"ಕಹಿ ಇಲ್ಲರಿ ಮಾವ" ಎಂದೆ. "ಹುಣಸಿಹುಳಿ ಚೂರು ಜಾಸ್ತಿ ಆಗ್ಯಾದ. ಅಷ್ಟೇ."

ಮಾವ ನನ್ನ ಬಾಯಿಯನ್ನೇ ನೋಡುತ್ತ ಕೂತರು. ನಾನು ನುಂಗುವುದನ್ನು ನೋಡಿದರು. ತಮಗೇ ಹೇಳಿಕೊಳ್ಳುವಂತೆ, "ಖರೆ?" ಎಂದರು.

"ಖರೆರಿ."

"ಹಂಗಾರ ನನ್ನ ನಾಲಿಗಿ ಸುಳ್ಳು ಹೇಳಾಕತ್ತದ." ಅವರ ಕಣ್ಣಲ್ಲಿ ನೀರು ಬಂತು. "ಅಕ್ಕಾ, ಗುಳಿಗಿ ನುಂಗಿಲ್ಲ ನಾ. ದವಡ್ಯಾಗ ಇಟ್ಕೊಂಡು ಹಿತ್ತಲದಾಗ ಉಗುಳ್ತಿದ್ದೆ. ರುಚಿ ಬಂದಿತ್ತು, ಅದಕ್ಕ ಆಶಾ ಆಯ್ತು. ಆವಾಗೂ ಹಿಂಗೇ ಸುರು ಆಗಿತ್ತು. ಶರಣಪ್ಪಣ್ಣ ಅವತ್ತು ಹಿಂಗ ತಿಂದು ತೋರಿಸಲಿಲ್ಲ, ನಕ್ಕ. ಈಗಿಂದೀಗ ನನ್ನ ಡಾಕ್ಟರ್ ಹಂತ್ಯಾಕ ಒಯ್ರಿ. ನಾಳಿಗಿ ಬಾ ಅಂದ್ರ ನಾ ಬರ್ತೀನೋ ಇಲ್ಲೋ."

ಆ ಕೊನೆಯ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಆಫೀಸಿಗೆ ಹೇಳಿ ಕಳಿಸಿ, ನನ್ನ ಗಂಡ ಬಂದ ಮೇಲೆ, ಸಿಕ್ಕ ಪ್ಯಾಸೆಂಜರ್ ರೈಲು ಹಿಡಿದು ನಾಲ್ವರೂ ಗುಲಬರ್ಗಾಕ್ಕೆ ಹೋದೆವು. ದಾರಿಯುದ್ದಕ್ಕೂ ಮಾವ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು. ಮಾನಸಿಕ ರೋಗದ ಡಾಕ್ಟರು ಇವರನ್ನು ಬೈಯುತ್ತಾರೆಂದು ನಾನು ಅಂಜಿದ್ದೆ. ಅವರು ಬೈಯಲಿಲ್ಲ. ಪೂರ್ತಿ ಕೇಳಿ, "ಊಟ ರುಚಿಸೋದಿಲ್ಲ ಅಂತ ನೀವು ಮೊದಲೇ ಯಾಕ್ ಹೇಳಲಿಲ್ಲ? ಅದೂ ರೋಗದಷ್ಟೇ ದೊಡ್ಡ ಮಾತು" ಎಂದರು. ಕೆಲವು ದಿನ ಅಲ್ಲಿಯೇ ಇಟ್ಟುಕೊಂಡು ಬೇರೆ ಗುಳಿಗೆ ಕೊಟ್ಟು ನೋಡಿದರು. ರುಚಿ ಪೂರ್ತಿ ಬರಲಿಲ್ಲ, ಅರ್ಧ ಬಂತು. ಅರ್ಧ ರುಚಿಯ ಜೊತೆ ಮಾವ ರಾಜಿ ಮಾಡಿಕೊಂಡರು. ಖಾರಕ್ಕೆ ಮಾತ್ರ ಎರಡು ಪಾಲು ಮೆಣಸಿನಪುಡಿ ಹಾಕಿಸಿಕೊಳ್ಳುತ್ತಿದ್ದರು. ಊಟಕ್ಕೆ ಕೂತ ಉಳಿದವರ ಕಣ್ಣಲ್ಲೂ ನೀರು, ಮೂಗಲ್ಲೂ ನೀರು. ಮನೆಯಲ್ಲಿ ಯಾರೂ ದೂರಲಿಲ್ಲ.

ಮುಂದಿನ ಯುಗಾದಿ ಕಳೆದ ಮೇಲೆ ಶರಣಪ್ಪ ಬಂದರು. ಅತ್ತೆ ಎಷ್ಟೋ ಸಲ ಕರೆ ಕಳಿಸಿದ್ದರು, ಬಂದಿರಲಿಲ್ಲ. ಬಾರದವರನ್ನು ದೂರುವಂತೆಯೂ ಇರಲಿಲ್ಲ, ಅವರ ಎಡಗೈ ಅಂಗಿಯ ತೋಳಿನಲ್ಲಿ ಸುಮ್ಮನೆ ತೂಗುತ್ತಿತ್ತು. ಒಳಗೆ ಬಾರದೆ ಹೊಸ್ತಿಲ ಪಕ್ಕ, ಒಂದು ಕಾಲು ಹೊರಗಿಟ್ಟು ಕೂತರು. ಗುಂಡಪ್ಪ ಮಾವ ಗೋಡೆಗೆ ಅಂಟಿಕೊಂಡು, ಆ ತೋಳನ್ನು ನೋಡಲಾರದೆ, ನೆಲ ನೋಡುತ್ತ ಕೂತರು. ಅತ್ತೆ ಮಳೆ ಬೆಳೆ ಕೇಳಿದರು. ತೊಗರಿ ಹೇಗೆ ಬಂತು ಎಂದರು. ತೊಗರಿ ಚೆನ್ನಾಗಿ ಬಂದಿತ್ತು.

ಉಂಡರು, ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ. ಉಂಡಾದ ಮೇಲೆ ಶರಣಪ್ಪ ಬಲಗೈಯಲ್ಲಿ ಕಿಸೆ ತಡಕಿ ಒಂದು ಬೆಂಕಿಪೆಟ್ಟಿಗೆ ತೆಗೆದರು. ಬೀಡಿ ಹಚ್ಚುತ್ತಾರೇನೋ ಅಂದುಕೊಂಡೆವು. ಅದರೊಳಗಿಂದ ಹೊರಬಿದ್ದದ್ದು ಒಂದು ಬಿಳಿ ಗುಳಿಗೆ. ಗುಂಡಪ್ಪ ಮಾವ ಮೊದಲ ಸಲ ತಲೆ ಎತ್ತಿದರು.

"ಅದೇನಣ್ಣ?"

"ಬಿ.ಪಿ.ದು. ದಿನಾ ನುಂಗಬೇಕಂತ."

"ಎಷ್ಟು ದಿನ?"

"ಸಾಯೋ ತನಕ."

"ನನಗೂ ಸಾಯೋ ತನಕ!" ಎಂದರು ಮಾವ. ಊರಿನವರೊಬ್ಬರು ಪರಸ್ಥಳದಲ್ಲಿ ಸಿಕ್ಕ ಹಾಗೆ ಅವರ ಮುಖ ಅರಳಿತ್ತು. ನನ್ನ ಕೈಯಿಂದ ತಮ್ಮ ಗುಳಿಗೆ ಇಸಿದುಕೊಂಡು ಅಂಗೈ ಚಾಚಿ ತೋರಿಸಿದರು. ಶರಣಪ್ಪ ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದರು, ಸರಿಯಾಗಿ ಕಾಣಲಿಲ್ಲ. ಹೊರಗಿದ್ದ ಕಾಲನ್ನು ಒಳಗೆ ತೆಗೆದುಕೊಂಡು ಸ್ವಲ್ಪ ಸರಿದು ಬಂದರು.

"ನಿಂದು ಗುಲಾಬಿ ಬಣ್ಣದ್ದು ಅದ."

"ಬಣ್ಣ ಛಂದ ಅದ, ಬಾಯಿ ಒಣಗಸ್ತದ."

"ನಂದು ಘಳಿಗಿಗೊಮ್ಮೆ ಹೊರಗ ಓಡಸ್ತದ."

ನಾನು ತಂಬಿಗೆ ನೀರು ತಂದಿಟ್ಟೆ. ಮಾವ ಮೊದಲು ನುಂಗಿದರು. ನುಂಗಿ, ನನ್ನ ಕಡೆ ತಿರುಗಿ, ಬಾಯಿ ದೊಡ್ಡದಾಗಿ ತೆರೆದು ನಾಲಿಗೆ ಎತ್ತಿ ತೋರಿಸಿದರು. ಹಿತ್ತಲಲ್ಲಿ ಉಗುಳಿದ ಪ್ರಕರಣದ ನಂತರ ತಾವೇ ಮಾಡಿಕೊಂಡ ನೇಮ ಅದು. ನಾವು ಯಾರೂ ಕೇಳಿರಲಿಲ್ಲ. ಶರಣಪ್ಪನಿಗೆ ಇದೊಂದೂ ಗೊತ್ತಿಲ್ಲ. ಈ ಮನೆಯ ಪದ್ಧತಿಯೇ ಹೀಗಿರಬೇಕೆಂದುಕೊಂಡು, ಅದೇ ತಂಬಿಗೆ ಎತ್ತಿ ತಮ್ಮ ಗುಳಿಗೆ ನುಂಗಿ, ಅವರೂ ನನ್ನ ಕಡೆ ತಿರುಗಿ ಬಾಯಿ ತೆರೆದು ನಾಲಿಗೆ ಎತ್ತಿದರು.

ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯದು. ಇಬ್ಬರು ಮುದುಕರು ಪಕ್ಕಪಕ್ಕದಲ್ಲಿ ಬಾಯಿ ತೆರೆದು ಕಾದಿದ್ದರು. ನಾನು ಬಗ್ಗಿ, ಒಂದಾದ ಮೇಲೊಂದು ಎರಡೂ ಬಾಯಿ ಇಣುಕಿ ನೋಡಿ, "ಹೂಂ, ಇಬ್ಬರದೂ ಹೋಗ್ಯಾವ. ಇನ್ನ ಮುಚ್ರಿ" ಎಂದೆ.