ಬಾದಾಮಿಯ ಅಂಪೈರಿಲ್ಲದ ಆಟ

ಬಾದಾಮಿಯ ಮೊದಲ ಬೆಳಗು ನನ್ನನ್ನು ಎಬ್ಬಿಸಿದ್ದು ಚಪ್ಪಾಳೆ. ಗೋಡೆಯಾಚೆ ಯಾರೋ ಒಂದೇ ಸಮ ತಟ್ಟುತ್ತಿದ್ದರು. ಗಾಬರಿಯಿಂದ ಹೋಗಿ ನೋಡಿದರೆ ಮನೆಯೊಡತಿ ಗೌರಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ! ನಮ್ಮ ತುಮಕೂರಿನಲ್ಲಿ ಮುದ್ದೆ ಕಟ್ಟುವುದಕ್ಕೆ ಇಷ್ಟು ಗದ್ದಲವಿಲ್ಲ, ನಿಮಗೆ ಗೊತ್ತಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಡ್ರಿಲ್ ಟೀಚರಾಗಿ ಬಂದೆ. ಟೀಚರಮ್ಮನಿಗೆ ಇಲ್ಲಿ ‘ಅಕ್ಕೋರು’ ಎನ್ನುತ್ತಾರೆ. ಗೌರವ ಎಷ್ಟೆಂದರೆ, ನಾನು ಕೊಟ್ಟ ಸಾರನ್ನು ಗೌರಕ್ಕ “ಭಾಳ ಛಲೋ ಆಗೇತ್ರಿ” ಎಂದು ಹೊಗಳಿದರು. ಮರುದಿನ ಅದು ಎಮ್ಮೆಯ ಬಾನಿಯಲ್ಲಿತ್ತು. ನಮ್ಮ ಅತ್ತಿಗೆಯಾದರೆ ಮುಖಕ್ಕೇ ‘ಹುಳಿ ಜಾಸ್ತಿ’ ಎನ್ನುತ್ತಿದ್ದರು. ಮೂರು ವರ್ಷವಾದರೂ ನಾನಿಲ್ಲಿ ನೆಂಟರ ಹಾಗೇ ಉಳಿದೆ. ಬೇಸತ್ತು ತುಮಕೂರಿಗೆ ವರ್ಗ ಕೇಳಿ ಅರ್ಜಿ ಬರೆದೆ. ಕಳಿಸಲಾರದೆ ಮೇಜಿನ ಖಾನೆಯಲ್ಲಿಟ್ಟೆ.

ಆಗ ಗುಹೆಗಳ ಚಿತ್ರ ಬರೆಯಲು ಪರದೇಶದ ಹುಡುಗಿಯೊಬ್ಬಳು ಬಂದು ಗೌರಕ್ಕನ ಮನೆಯ ಹಿಂಬದಿಯ ಕೋಣೆಯಲ್ಲಿ ಉಳಿದಳು. ಅವಳ ಚೀಲದಲ್ಲೊಂದು ಪ್ಲಾಸ್ಟಿಕ್ ತಟ್ಟೆ, ಎಸೆದರೆ ಹದ್ದಿನಂತೆ ತೇಲುವಂಥದು. ಅವಳ ದೇಶದ ಹುಡುಗರು ಕಟ್ಟಿದ ಆಟವಂತೆ, ಈಗ ಬೇರೆ ದೇಶಗಳಿಗೂ ಹಬ್ಬುತ್ತಿದೆಯಂತೆ. ತಟ್ಟೆ ಹಿಡಿದವರು ಓಡುವಂತಿಲ್ಲ, ಜೊತೆಯವರಿಗೆ ಎಸೆಯಬೇಕು. ಕೊನೆಯ ಗೆರೆಯಾಚೆ ಹಿಡಿದರೆ ಪಾಯಿಂಟು, ನೆಲಕ್ಕೆ ಬಿದ್ದರೆ ತಟ್ಟೆ ಎದುರಾಳಿಗೆ. ನಮ್ಮ ಶಾಲೆಯ ಆರು ಹುಡುಗಿಯರನ್ನು ಆಡಲು ನಿಲ್ಲಿಸಿ ಅಭ್ಯಾಸಬಲದಿಂದ ಸೀಟಿ ಬಾಯಿಗಿಟ್ಟೆ, ಅವಳು ಬೇಡವೆಂದಳು. ಈ ಆಟಕ್ಕೆ ಅಂಪೈರೇ ಇಲ್ಲ. ತಪ್ಪನ್ನು ಆಡುವವರೇ ಹೇಳಬೇಕು, ಅವರೇ ಇತ್ಯರ್ಥ ಮಾಡಿಕೊಳ್ಳಬೇಕು.

“ರೊಟ್ಟಿ ಹಂಚಿಗಿ ಹಾಕ್ದಂಗ ಮೆತ್ತಗ ಬಿಡು” ಎಂದು ಹುಡುಗಿಯರು ಒಬ್ಬರಿಗೊಬ್ಬರು ಕಲಿಸಿಕೊಂಡರು. ಅವಳು ಹೋಗುವಾಗ ತಟ್ಟೆ ಬಿಟ್ಟುಹೋದಳು. ಆರು ಜನ ಇಪ್ಪತ್ತಾದರು. ಹತ್ತಿರದ ಕೆರೂರಿನ ಶಾಲೆಗೂ ಹುಚ್ಚು ಹತ್ತಿತು. ಆದರೆ ಕೆರೂರಿನವರು ಮೊದಲ ಸಲ ಆಡಲು ಬಂದಾಗ ನಮ್ಮವರು ತಕರಾರು ಎದ್ದಾಗಲೆಲ್ಲ ಬಿಟ್ಟುಕೊಟ್ಟು ಸೋತರು.

“ಯಾಕ್ರೇ ಹೀಗೆ?” ಎಂದೆ.

“ಮನಿಗಿ ಬಂದ ಮಂದಿಗೆ ಅಲ್ಲ ಅನ್ನಾಕ ಬರತೈತೇನ್ರಿ?” ಎಂದಳು ನಾಯಕಿ ಶಕೀಲಾ.

“ಬಂದವರು ಯಾರಾದರೇನು? ಕಂಡದ್ದು ಹೇಳಬೇಕು.”

ಮುಂದಿನ ಪಂದ್ಯದ ದಿನ ನಮ್ಮವಳೊಬ್ಬಳಿಗೆ ಜ್ವರ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ಇಳಿದೆ. ಎರಡೂ ಕಡೆ ಸಮಸಮ, ಉಳಿದದ್ದು ಒಂದೇ ಪಾಯಿಂಟು. ಗೆರೆಯಾಚೆ ಬಾಗಿ ತಟ್ಟೆ ಹಿಡಿದೆ. ಅದಕ್ಕೂ ಮೊದಲು ಅದು ಮಣ್ಣಿಗೆ ತಾಗಿದ್ದು ನನ್ನ ಬೆರಳಿಗೆ ಗೊತ್ತಾಗಿತ್ತು. ಸುತ್ತ ಎಲ್ಲರೂ ಗೆದ್ದೆವೆಂದು ಕುಣಿಯುತ್ತಿದ್ದರು. ನಾನು ಸುಮ್ಮನಿದ್ದೆ.

“ಅಕ್ಕೋರು ಹಿಡದಾರಂದ್ರ ಹಿಡದಾರ್ರಿ,” ಎಂದು ಕೆರೂರಿನ ಹುಡುಗಿ ಒಪ್ಪಿಯೂಬಿಟ್ಟಳು.

“ಇಲ್ಲ,” ಎಂದಳು ನಮ್ಮ ಶಕೀಲಾ. “ನೆಲಕ್ಕ ಬಡದೈತಿ. ಅಕ್ಕೋರ, ಖರೆ ಹೇಳ್ರಿ.”

“ಹೌದು, ಬಿದ್ದಿತ್ತು,” ಎಂದೆ. ತಟ್ಟೆ ಅವರ ಕೈಗೆ ಹೋಯಿತು, ಪಂದ್ಯವೂ ಹೋಯಿತು.

ಈ ಊರಿನವರೊಬ್ಬರು ನನಗೆ ‘ಇಲ್ಲ’ ಎಂದದ್ದು ಅದೇ ಮೊದಲು. ಹುಡುಗಿಯರ ಮುಂದೆ ತಲೆ ಎತ್ತಲಾಗಲಿಲ್ಲ. ಆದರೂ ಒಳಗೆಲ್ಲೋ ಹಿತವಾಗಿತ್ತು.

ಸೋಮವಾರ ಶಕೀಲಾ ಬಾಗಿಲಲ್ಲಿ ನಿಂತಿದ್ದಳು. “ಸಿಟ್ಟ ಬಂದೈತೇನ್ರಿ?”

“ಇಲ್ಲ ಕಣೇ. ನಾನೇ ಮೊದಲು ಹೇಳಬೇಕಿತ್ತು.”

“ಹಂಗಾರ ಊರಿಗಿ ಹೋಗಂಗಿಲ್ಲ, ಹೌದಲ್ರಿ?”

ಅರ್ಜಿಯ ಸುದ್ದಿ ಇವಳಿಗೆ ಯಾರು ಹೇಳಿದರೋ. ತುಮಕೂರಿನ ನಮ್ಮ ಬೀದಿ ಕಣ್ಣಿಗೆ ಕಟ್ಟಿತು. ‘ಹೋಗಲ್ಲ’ ಎಂದಿದ್ದರೆ ಅವಳ ಮುಖ ಅರಳುತ್ತಿತ್ತು.

“ಗೊತ್ತಿಲ್ಲ,” ಎಂದೆ.

“ಆತ್ರಿ. ಗೊತ್ತಾದ ದಿನಾ ಮೊದಲ ನಮಗ ಹೇಳ್ರಿ.”