ಸುಗಂಧಕ್ಕನ ಶುಭ ಶುಕ್ರವಾರ

ಕಾಗವಾಡದ ಒಣದ್ರಾಕ್ಷಿ ಶೆಡ್ಡಿಗೆ ತೂಕ ಬರೆಯುವ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಜಾಣತನ ಎಲ್ಲರಿಗೂ ಗೊತ್ತಾಯಿತು. ದ್ರಾಕ್ಷಿ ಆರಿಸುವ ಟೇಬಲ್ಲಿನ ಮುಖ್ಯಸ್ಥೆ ಸುಗಂಧಕ್ಕ ಆ ಬುಧವಾರ ಹಣೆಗೆ ಬೂದಿ ಹಚ್ಚಿಕೊಂಡು ಬಂದಿದ್ದಳು. ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ. ಅವಸರದಲ್ಲಿ ವಿಭೂತಿ ಕೆಡಿಸಿಕೊಂಡಿದ್ದಾಳೆ ಎಂದುಕೊಂಡ ನಾನು, "ತಡೀರಿ ಅಕ್ಕಾ" ಎಂದವನೇ ಕರವಸ್ತ್ರದಿಂದ ಒರೆಸಿಯೇಬಿಟ್ಟೆ.

"ಅದು ಶಿಲುಬೀ, ಶಾಣ್ಯಾ," ಎಂದಳು. "ನಮ್ಮ ನಲವತ್ತು ದಿನದ ಉಪವಾಸ ಇವತ್ತ ಸುರು. ಸಾಯೋದೈತಿ ಅಂತ ನೆನಪಿಗೆ ಹಚ್ಚತಾರ. ನೀ ಒರಸೀದಿ ಅಂತ ಸಾವೇನ ತಪ್ಪಂಗಿಲ್ಲ."

ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಸುಗಂಧಕ್ಕ ಕಥೋಲಿಕ ಕ್ರೈಸ್ತಳೆಂದು ನನಗೆ ತಿಳಿದದ್ದು ಹಾಗೆ. ಕೇಳಿದರೆ ಹೇಳುವಳು, ಕೇಳದಿದ್ದರೆ ದ್ರಾಕ್ಷಿಯ ಕಡ್ಡಿ ಆರಿಸುವಳು. ಕೇಳುವವರು ಕಡಿಮೆ. ನಮ್ಮ ವಯಸ್ಸಿನವರಿಗೆ ಊಟದ ಬಿಡುವಿನಲ್ಲಿ ಮೊಬೈಲೇ ಸಾಕು. ನನಗೆ ದೇವರು ನೆನಪಾಗುತ್ತಿದ್ದದ್ದು ಪರೀಕ್ಷೆಯ ಹಿಂದಿನ ದಿನ ಮಾತ್ರ, ಆ ಪರೀಕ್ಷೆಗಳೂ ಮುಗಿದಿದ್ದವು.

ಈ ವರ್ಷದ ಶುಭ ಶುಕ್ರವಾರ ಮಧ್ಯಾಹ್ನ ಮಿರಜ ಕಡೆಯಿಂದ ಮೋಡ ಎದ್ದಿತು. ಚಪ್ಪರದ ತುಂಬ ಅರೆ ಒಣಗಿದ ದ್ರಾಕ್ಷಿ. ನಾಲ್ಕು ಹನಿ ಬಿದ್ದರೂ ಮಾಲು ಕಪ್ಪಾಗುತ್ತದೆ. ಮಾಲಕ ಭಾವುಸಾಹೇಬರು ಬಾಗಿಲಿಗೆ ಅಡ್ಡ ನಿಂತರು.

"ಯಾರೂ ಹೋಗಂಗಿಲ್ಲ."

"ಎರಡಕ್ಕ ಹೋಗ್ತೀನಿ ಅಂತ ಎಂಟ ದಿನದ ಹಿಂದ ಹೇಳೀನ್ರಿ," ಎಂದಳು ಸುಗಂಧಕ್ಕ.

"ಮೋಡಕ್ಕ ಹೇಳಿದ್ಯೇನು?"

"ಮೂರಕ್ಕ ಯೇಸುವಿನ ಪಾಡು, ಶಿಲುಬಿ ಮ್ಯಾಲ ಸತ್ತ ಕತಿ, ಓದಬೇಕ್ರಿ. ಉಳದಾವ್ರು ಮುದುಕ್ರು, ಕಣ್ಣ ಕಾಣಂಗಿಲ್ಲ. ಮೊದಲ ನನ್ನ ಮಗಳ ಓದತಿದ್ಲು, ಈಗ ಬರಂಗಿಲ್ಲ. ನಾ ಹೋಗ್ಲಿಲ್ಲಂದ್ರ ಓದಾವ್ರ ಇಲ್ಲ."

"ಹೋದ್ರ ಟೇಬಲ್ ಬಿಟ್ಟ ಹೋದಂಗ. ಹದಿನೆಂಟ ವರ್ಷ ನಡಿಸಿದ ಟೇಬಲ್. ವಿಚಾರ ಮಾಡು."

ಭಾವುಸಾಹೇಬರು ಕೆಟ್ಟವರಲ್ಲ. ತಮ್ಮ ಜೈನರ ಪರ್ಯೂಷಣ ವ್ರತದ ದಿನಗಳಲ್ಲಿ ತಾವೂ ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ. ಆದರೆ ಅದು ಬರುವುದು ಮಳೆಗಾಲದಲ್ಲಿ, ಆಗ ಚಪ್ಪರ ಖಾಲಿ.

ಸುಗಂಧಕ್ಕ ಏಪ್ರನ್ ಬಿಚ್ಚಿ ಪಕ್ಕದ ಮಂಗಲಳ ಕೈಗಿತ್ತು ಹೊರಟಳು. ಮೂರರ ಹೊತ್ತಿಗೆ ಮಾಲಕರು ನನ್ನನ್ನು ಕರೆದರು. "ಭರತ, ಗಾಡಿ ತಗೋ. ಆಕಿನ್ನ ತಿರುಗಿಸಿ ಕರ್ಕೊಂಡ ಬಾ." ನನ್ನಂಥ ಧೈರ್ಯಶಾಲಿಗೆ ಹೇಳಿ ಮಾಡಿಸಿದ ಕೆಲಸ.

ಟಾಯರ್ ಅಂಗಡಿಯ ಮಗ್ಗುಲಿಗೆ ತಗಡಿನ ಪ್ರಾರ್ಥನಾ ಮಂದಿರ. ಹೊರಗೆ ಸ್ಕೂಟಿಯ ಮೇಲೆ ಅವಳ ಮಗಳು ದೀಪಾಲಿ, ಚಿಕ್ಕೋಡಿಯಲ್ಲಿ ಲ್ಯಾಬ್ ಕೆಲಸದಾಕೆ.

"ಒಳಗ ಹೋಗಿ ಕರೀರಿ," ಎಂದೆ.

"ನಾ ಬರೇ ಡ್ರೈವರ್," ಎಂದಳು ಮೊಬೈಲಿನಿಂದ ತಲೆ ಎತ್ತದೆ.

ಒಳಗೆ ಹನ್ನೊಂದು ಜನ. ಪಾದ್ರಿಯ ಪಕ್ಕ ನಿಂತು ಸುಗಂಧಕ್ಕ ಓದುತ್ತಿದ್ದಳು. ಶೆಡ್ಡಿನಲ್ಲಿ ಗದರುವ ಗಂಟಲು ಇಲ್ಲಿ ಒಂದೊಂದೇ ಪದ ಬಿಡಿಸಿ ಹೇಳುತ್ತಿತ್ತು. ಈಗ ಕರೆಯುತ್ತೇನೆ, ಈ ಪುಟ ಮುಗಿಯಲಿ, ಎನ್ನುತ್ತ ಹಿಂದೆ ಕುಳಿತೆ. ಯೇಸು ಪ್ರಾಣ ಬಿಟ್ಟ ಸಾಲಿಗೆ ಬಂದೊಡನೆ ಓದು ತಟ್ಟನೆ ನಿಂತು ಎಲ್ಲರೂ ಮೊಣಕಾಲೂರಿದರು. ಆ ಮೌನದಲ್ಲಿ ನನ್ನ ಕಿಸೆಯ ಫೋನು ಗುರ್‍ರ್ ಎಂದಿತು. ಮಾಲಕರು. ಎತ್ತಿದರೆ ಅವಳ ಓದು ಕೆಡುತ್ತದೆ, ಎತ್ತದಿದ್ದರೆ ನನ್ನ ಕೆಲಸ. ಅಂಗೈಯಲ್ಲಿ ಫೋನನ್ನು ಒತ್ತಿ ಹಿಡಿದು ನಾನೂ ಮೊಣಕಾಲೂರಿದೆ. ಭಕ್ತಿಯಿಂದಲ್ಲ, ಒಬ್ಬನೇ ಕುಳಿತಿರಲು ಹೆದರಿ. ಅದು ನಿಂತು, ಮತ್ತೆ ಗುರುಗುಟ್ಟಿತು. ಸುಗಂಧಕ್ಕ ಎದ್ದು, ನನ್ನನ್ನು ನೋಡಿಯೂ ನೋಡದಂತೆ ಮುಂದಿನ ಸಾಲು ಓದಿದಳು.

ಹೊರಬಂದಾಗ ಮಾಲಕರ ಸಂದೇಶ ತೋರಿಸಿದೆ: ಮಾಲಿಗೆ ತಾಡಪತ್ರಿ ಹೊದಿಸಿದ್ದೇವೆ, ನಾಳೆಯಿಂದ ಟೇಬಲ್ ಮಂಗಲಳದು. ಅವಳು ಎರಡು ಸಲ ಓದಿ ಫೋನು ಮರಳಿಸಿದಳು.

ನನಗೆ ಯಾಕೋ ಸಿಟ್ಟು ಬಂತು. "ಅಕ್ಕಾ, ಇದರ ಸಲುವಾಗಿ ಟೇಬಲ್ ಕಳಕೊಂಡ್ರಿ. ನಿಮ್ಮ ಮಗಳ ಒಳಗ ಬರಂಗಿಲ್ಲ. ಯಾಕ?"

ಸ್ಕೂಟಿಯ ಕೀಲಿ ತಿರುವುತ್ತಿದ್ದ ದೀಪಾಲಿಯ ಕೈ ನಿಂತಿತು.

"ಸಣ್ಣಾಕಿದ್ದಾಗ ಹೊಡದ ಹೊಡದ ಕರ್ಕೊಂಡ ಬರ್ತಿದ್ದೆ," ಎಂದಳು ಸುಗಂಧಕ್ಕ. "ಹಂಗ ಹೊಡದ್ರ ಯಾರ ಬರ್ತಾರ?"