ಮೋಟಾರ್ ಬೀರಯ್ಯನ ಬೋರ್ಡು

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಪಕ್ಕದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ ಬೀರಯ್ಯನಿಗೆ ತನ್ನ ಅಂಗಡಿಯ ಬೋರ್ಡೆಂದರೆ ಪ್ರಾಣ. ‘ಮೋಟಾರ್ ತಜ್ಞ ಬೀರಯ್ಯ’ ಎಂದು ಅದರ ಮೇಲಿತ್ತು. ದಿನಾ ಬೆಳಿಗ್ಗೆ ಬೋರ್ಡು ಒರೆಸಿದ ಮೇಲೇ ಅವನು ಮುಖ ತೊಳೆಯುತ್ತಿದ್ದುದು. ಇಂಥ ಬೋರ್ಡನ್ನು ಪಣಕ್ಕಿಡುವ ಬುದ್ಧಿ ಅವನಿಗೆ ಯಾಕೆ ಬಂತೋ, ದೇವರೇ ಬಲ್ಲ.

ತೊಂಬತ್ತೈದರ ಬೇಸಿಗೆಯಲ್ಲಿ ಕೇರಳದ ಲಾರಿ ಡ್ರೈವರೊಬ್ಬ ಗಲ್ಫಿನಿಂದ ಬಂದ ಎರಡು ರಿಮೋಟ್ ಕಾರುಗಳನ್ನು ತಂದಿದ್ದ. ಒಂದನ್ನು ಬೀರಯ್ಯ ಕೊಂಡ. ಇನ್ನೊಂದನ್ನು ಅವನ ಗೆಳೆಯರಾದ ಚಾಮರಾಜನಗರದ ವಿಜ್ಞಾನ ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿ ಕೊಂಡರು. ಇಬ್ಬರಿಗೂ ನಲವತ್ತು ದಾಟಿತ್ತು. ಮಕ್ಕಳಿಗೆ ಎಂದು ಹೇಳಿಕೊಂಡರು, ಮಕ್ಕಳ ಕೈಗೆ ಮಾತ್ರ ಕೊಡಲಿಲ್ಲ.

ಮೋಟಾರಿನ ತಂತಿಯ ಸುತ್ತು ಹೆಚ್ಚಿದಷ್ಟೂ ಎಳೆಯುವ ಬಲ, ಅಂದರೆ ಟಾರ್ಕ್, ಹೆಚ್ಚು, ಟಾರ್ಕ್ ಇದ್ದವನೇ ಗೆಲ್ಲುವುದು ಎಂಬುದು ಬೀರಯ್ಯನ ವಾದ. ಮೇಷ್ಟ್ರದ್ದು ಟೈಮಿಂಗು. ಕಾರಿನ ಪುಟ್ಟ ಮೋಟಾರಿನಲ್ಲಿ ಕರೆಂಟು ಕೊಡುವ ಬ್ರಷ್ಷುಗಳಿರುವ ಹಿಂದಿನ ಮುಚ್ಚಳವನ್ನು ತುಸು ತಿರುಗಿಸಿ ಕೂರಿಸಿದರೆ ಕರೆಂಟು ಸುರುಳಿಗೆ ಕೊಂಚ ಮುಂಚೆಯೇ ತಲುಪಿ ವೇಗ ಏರುತ್ತದೆ ಎಂದು ಅವರು ಸ್ಲೇಟಿನ ಮೇಲೆ ಚಿತ್ರ ಬರೆದು ತೋರಿಸಿದರು.

“ಮುಚ್ಚಳ ಇರಾದು ದೂಳು ಬೀಳ್ದೆ ಇರ್ಲಿ ಅಂತ ಕಣ್ ಮೇಷ್ಟ್ರೇ,” ಎಂದು ಬೀರಯ್ಯ ನಕ್ಕ.

ಮಾತಿಗೆ ಮಾತು ಬೆಳೆಯಿತು. ಭಾನುವಾರ ಮಂಡಿಯ ಅಂಗಳದಲ್ಲಿ ಪಂದ್ಯ, ಸೋತವನು ತನ್ನ ಬೋರ್ಡಿನ ಮೇಲೆ ಗೆದ್ದವನ ಶಿಷ್ಯ ಎಂದು ಬರೆಸಬೇಕು ಎಂದಾಯಿತು. ಮೇಷ್ಟ್ರ ಗೇಟಿಗೂ ಡಿಗ್ರಿಗಳನ್ನೆಲ್ಲ ಬರೆಸಿದ ಬೋರ್ಡಿತ್ತು.

ಬೀರಯ್ಯ ಪುಟಾಣಿ ಮೋಟಾರನ್ನು ಬಿಚ್ಚಿ, ಉಸಿರು ಬಿಗಿಹಿಡಿದು ಹೊಸ ತಂತಿ ಸುತ್ತಿ, ವಾರ್ನಿಷ್ ಹಾಕಿ ಬಿಸಿಲಿಗಿಟ್ಟ. ಆಮೇಲೆ ಪಂಪ್‌ಸೆಟ್ಟಿಗೆ ಹಾಕುವಂತೆಯೇ ಮುಚ್ಚಳವನ್ನು ಕೈಗೆ ಬಂದ ಹಾಗೆ ಇಟ್ಟು, ಎರಡು ತಟ್ಟು ತಟ್ಟಿ ಬಿಗಿದ. ಇಪ್ಪತ್ತು ವರ್ಷದಿಂದ ಅವನು ಹಾಕಿದ ಮುಚ್ಚಳಗಳು ಎದುರು ಮಾತಾಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಓಡಿಸಿ ನೋಡಿದರೆ ಕಾರು ಮುಂದಕ್ಕೆ ತೆವಳಿತು. ಹಿಂದಕ್ಕೆ ಒತ್ತಿದ್ದೇ ತಡ, ರೊಯ್ಯನೆ ಹೋಗಿ ಗೋಡೆಗೆ ಗುದ್ದಿತು. ಮೇಷ್ಟ್ರ ಬಸ್ಸು ಬರಲು ಅರ್ಧ ಗಂಟೆಯಷ್ಟೇ ಇತ್ತು, ಬಿಚ್ಚಿ ಮತ್ತೆ ಸುತ್ತಲು ಹೊತ್ತಿರಲಿಲ್ಲ. ಬೀರಯ್ಯ ಬೋರ್ಡಿನ ಕಡೆ ನೋಡಿದ, ಅಳು ಬಂದಂತಾಯಿತು.

ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ಈರಮ್ಮ ತಲೆ ಎತ್ತದೆ ಹೇಳಿದಳು: “ಹಿಂದ್ಕೆ ಓಡ್ತದಲ್ಲ, ತಿರುಗ್ಸಿ ನಿಲ್ಲುಸ್ಬುಡಿ.”

ಹಾಗೇ ಮಾಡಿದ. ಇಡೀ ಮಂಡಿ ನಗುತ್ತಿರಲು ಕಾರು ಬೆನ್ನು ಮುಂದಾಗಿ ನಿಂತಿತು. ನೇರ ಹಾದಿಯಲ್ಲಿ ಮೇಷ್ಟ್ರ ಕಾರೇ ಮುಂದಿತ್ತು. ಆದರೆ ಈರುಳ್ಳಿ ಮೂಟೆ ಸುತ್ತಿ ತಿರುಗುವಲ್ಲಿ ಅದು ಎಳೆಯಲಾರದೆ ಏದುಸಿರು ಬಿಟ್ಟಿತು. ಬೀರಯ್ಯನದು ಕುಡಿದವರಂತೆ ಓಲಾಡಿ, ಎರಡು ಈರುಳ್ಳಿ ಉರುಳಿಸಿ, ಹಿಂದುಮುಂದಾಗಿಯೇ ಗೆದ್ದುಬಿಟ್ಟಿತು.

ಮೇಷ್ಟ್ರು ಸುಮ್ಮನಿರುವವರೇ? ಮೋಟಾರು ನೋಡಿದರು. ಮುಚ್ಚಳ ಉಲ್ಟಾ ಕಡೆಗೆ ತಿರುಗಿ ಕೂತಿತ್ತು, ಹಿಂದಕ್ಕೆ ಓಡಲು ಹೇಳಿ ಮಾಡಿಸಿದ ಟೈಮಿಂಗು.

“ಬೇಕೂಂತ ತಿರುಗ್ಸಿದ್ರಾ ಬೀರಯ್ಯ?”

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೋಟಾರಿನ ವಿಷಯದಲ್ಲಿ ಬೀರಯ್ಯ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. “ನೋಡ್ದೆ ಹಾಕ್ಬುಟ್ಟೆ ಕಣ್ ಮೇಷ್ಟ್ರೇ,” ಎಂದ.

ಹಾಗಾದರೆ ಗೆದ್ದದ್ದು ಟೈಮಿಂಗು ಎಂದರು ಮೇಷ್ಟ್ರು. ಮೂಟೆ ಸುತ್ತಿಸಿದ್ದು ಟಾರ್ಕ್ ಎಂದ ಇವನು. ಯಾರು ಯಾರ ಶಿಷ್ಯ ಎಂದು ಅಂಗಡಿ ಮುಂದೆ ಸಂಜೆಯವರೆಗೂ ಕಿತ್ತಾಡಿದರು. ಕೊನೆಗೆ ಈರಮ್ಮ ಟೀ ಲೋಟ ಕುಕ್ಕಿ ಕೇಳಿದಳು: “ತಿರುಗ್ಸಿ ನಿಲ್ಲುಸಿ ಅಂದೋಳು ನಾನಲ್ವಾ?”

ಇಬ್ಬರೂ ಟೀ ಕುಡಿದರು. ಲೋಟ ಇಟ್ಟು ಪೇಂಟರಿಗೆ ಹೇಳಿ ಕಳಿಸಿದರು.

ಮುಂದಿನ ವಾರ ಪೇಂಟರ್ ಎರಡೂ ಊರಿನ ಬೋರ್ಡು ತಿದ್ದಿದ. ಮೇಷ್ಟ್ರ ಗೇಟಿನಲ್ಲಿ ಡಿಗ್ರಿಗಳ ಕೆಳಗೆ ‘ಈರಮ್ಮನವರ ಶಿಷ್ಯ’. ಇಲ್ಲಿ ‘ಮೋಟಾರ್ ತಜ್ಞ ಬೀರಯ್ಯ, ಈರಮ್ಮನವರ ಶಿಷ್ಯ’.

ಮಾರನೇ ದಿನವೇ ಹರದನಹಳ್ಳಿಯಿಂದ ಸುಟ್ಟ ಮೋಟಾರು ಹೊತ್ತು ತಂದ ರೈತ ಪುಟ್ಟಮಾದು ಬೋರ್ಡನ್ನು ಓದಿ, ಬೀರಯ್ಯನನ್ನು ದಾಟಿ ಒಳಗೆ ಇಣುಕಿ, ಅಮ್ಮಾವ್ರು ಇದಾರಾ ಎಂದು ಕೇಳಿದ. ಬೀರಯ್ಯ ಹಲ್ಲು ಕಚ್ಚಿಕೊಂಡು ಸ್ಟೂಲು ಎಳೆದುಕೊಟ್ಟ. ಈರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಮೋಟಾರನ್ನು ಒಮ್ಮೆ ಮುಟ್ಟಿ, ಗಂಡನ ಕಡೆ ತಿರುಗಿದಳು.

“ಮುಚ್ಚಳ ನೋಡ್ಕಂಡು ಹಾಕಿ,” ಎಂದಳು.